ಪ್ರಶ್ನೋತ್ತರ: ತತ್ವಶಾಸ್ತ್ರದ ತರಗತಿಗೆ ಮರಳಿದ ದೇವರು

ಅಮೆರಿಕ ಮತ್ತು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ತತ್ವಶಾಸ್ತ್ರ ವಿಭಾಗಗಳಲ್ಲಿ ಕಳೆದ ಅರುವತ್ತು ವರ್ಷಗಳಲ್ಲಿ ಕ್ರೈಸ್ತ ಚಿಂತನೆ ಹೇಗೆ ಮತ್ತೆ ತಲೆಯೆತ್ತಿತು ಎಂಬುದರ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ತತ್ವಶಾಸ್ತ್ರದಿಂದ ದೇವರನ್ನು ಹೊರಗೆ ಹಾಕಿದವರು ಯಾರು? ಮರಳಿ ಬರಲು ಬಾಗಿಲು ತೆರೆದವರು ಯಾರು?
(ಕಾಲೇಜು ಉಪನ್ಯಾಸಕರು, ತುಮಕೂರು)

ಒಂದು ಇಸವಿ ಹೇಳಲೇಬೇಕೆಂದರೆ 1936. ಇಂಗ್ಲೆಂಡಿನ ತತ್ವಜ್ಞಾನಿ ಎ.ಜೆ. ಏಯರ್ ಅವರ 'ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್' ಆ ವರ್ಷ ಹೊರಬಂತು. ವಿಯೆನ್ನಾದ ಚಿಂತಕರ ಗುಂಪಿನಿಂದ ಏಯರ್ ತಂದ ನಿಯಮ ಚಿಕ್ಕದು: ಒಂದು ಹೇಳಿಕೆಗೆ ಅರ್ಥವಿರಬೇಕಾದರೆ ಅದು ಗಣಿತ, ತರ್ಕಗಳ ಹಾಗೆ ಪದಗಳ ಅರ್ಥದಿಂದಲೇ ನಿಜವಾಗಿರಬೇಕು, ಇಲ್ಲವೇ ಇಂದ್ರಿಯಾನುಭವದಿಂದ ಪರೀಕ್ಷಿಸಲು ಬರಬೇಕು. 'ದೇವರಿದ್ದಾನೆ' ಎಂಬುದು ಎರಡೂ ಅಲ್ಲ. ಆದ್ದರಿಂದ ಅದು ಸುಳ್ಳು ಕೂಡ ಅಲ್ಲ, ಬರೀ ಸದ್ದು. ಈ ಏಟು ನಾಸ್ತಿಕರಿಗೂ ಬಿತ್ತು ಎಂಬುದನ್ನು ಹಲವರು ಮರೆಯುತ್ತಾರೆ. 'ದೇವರಿಲ್ಲ' ಎನ್ನುವುದೂ ಆ ಲೆಕ್ಕದಲ್ಲಿ ಅರ್ಥವಿಲ್ಲದ ಮಾತೇ.

1950ರಲ್ಲಿ ನಾಸ್ತಿಕ ತತ್ವಜ್ಞಾನಿ ಆಂಟನಿ ಫ್ಲೂ ಇದಕ್ಕೊಂದು ಸವಾಲಿನ ರೂಪ ಕೊಟ್ಟರು: ಏನು ನಡೆದರೆ ನಿಮ್ಮ ನಂಬಿಕೆ ಬಿಡುತ್ತೀರಿ ಎಂದು ಹೇಳಿ; ಏನು ನಡೆದರೂ ಬಿಡುವುದಿಲ್ಲವಾದರೆ ನೀವು ಹೇಳುತ್ತಿರುವುದಾದರೂ ಏನು? ಅಲ್ಲಿಂದ ಹತ್ತು ಹದಿನೈದು ವರ್ಷ ಧಾರ್ಮಿಕ ಭಾಷೆಗೆ ಅರ್ಥವಿದೆಯೇ ಎಂಬುದೇ ಚರ್ಚೆಯಾಯಿತು. ದೇವರ ಗುಣಗಳೇನು, ಇರುವಿಕೆಗೆ ಆಧಾರವೇನು ಎಂಬ ಹಳೆಯ ಪ್ರಶ್ನೆಗಳನ್ನು ಎತ್ತುವವರೇ ವಿರಳ.

ಬಾಗಿಲು ತೆರೆದವರು ಪಾದ್ರಿಗಳಲ್ಲ, ತರ್ಕಶಾಸ್ತ್ರಜ್ಞರು. ಏಯರ್‌ರ ನಿಯಮ ತನ್ನ ಪರೀಕ್ಷೆಯಲ್ಲಿ ತಾನೇ ಪಾಸಾಗುವುದಿಲ್ಲ. ಅದು ಪದಗಳ ಅರ್ಥದಿಂದ ನಿಜವಲ್ಲ, ಕಣ್ಣಿನಿಂದ ಪರೀಕ್ಷಿಸಲೂ ಬಾರದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಿಯಮವನ್ನು ಬಿಗಿ ಮಾಡಿದರೆ 'ಎಲ್ಲ ಲೋಹಗಳೂ ಕಾಯಿಸಿದರೆ ಹಿಗ್ಗುತ್ತವೆ' ಎಂಬಂಥ ವಿಜ್ಞಾನದ ಸಾರ್ವತ್ರಿಕ ನಿಯಮಗಳೂ ಹೊರಗೆ ಬೀಳುತ್ತವೆ, ಏಕೆಂದರೆ ಎಲ್ಲ ಲೋಹಗಳನ್ನೂ ಯಾರೂ ಕಾಯಿಸಿ ನೋಡಿಲ್ಲ. ಸಡಿಲಿಸಿದರೆ ಯಾವ ಹೇಳಿಕೆ ಬೇಕಾದರೂ ಒಳಗೆ ನುಸುಳುತ್ತದೆ. ಏಯರ್ ತಿದ್ದಿ ಬರೆದ ರೂಪಕ್ಕೂ ಇದೇ ಗತಿ ಎಂದು ಅಲೊಂಜೋ ಚರ್ಚ್ 1949ರ ಒಂದು ಪುಟ್ಟ ವಿಮರ್ಶೆಯಲ್ಲಿ ತೋರಿಸಿದರು. 1951ರಲ್ಲಿ ಕ್ವೈನ್, ಅರ್ಥದಿಂದ ನಿಜ ಮತ್ತು ಅನುಭವದಿಂದ ನಿಜ ಎಂಬ ವಿಭಜನೆಯನ್ನೇ ಪ್ರಶ್ನಿಸಿದರು. ಆಮೇಲೆ ಸಾಲ್ ಕ್ರಿಪ್ಕಿ 'ಸಾಧ್ಯ', 'ಅನಿವಾರ್ಯ' ಎಂಬ ಮಾತುಗಳಿಗೆ ಗಟ್ಟಿಯಾದ ತಾರ್ಕಿಕ ಚೌಕಟ್ಟು ಕಟ್ಟಿಕೊಟ್ಟರು. ಇವರಲ್ಲಿ ಯಾರೂ ದೇವರಿಗಾಗಿ ಈ ಕೆಲಸಕ್ಕೆ ಕೈಹಾಕಿದವರಲ್ಲ. ಕ್ವೈನ್ ಅಂತೂ ನಾಸ್ತಿಕರು.

'ಟೈಮ್' ವಾರಪತ್ರಿಕೆ 'ದೇವರು ಸತ್ತನೇ?' ಎಂದು ಕಪ್ಪು ಮುಖಪುಟದಲ್ಲಿ ಕೇಳಿದ್ದು 1966ರ ಏಪ್ರಿಲ್‌ನಲ್ಲಿ. ಮರುವರ್ಷವೇ ಅಮೆರಿಕದ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಅವರ 'ಗಾಡ್ ಅಂಡ್ ಅದರ್ ಮೈಂಡ್ಸ್' ಬಂತು. ಅದೇ 'ಟೈಮ್' 1980ರ ಏಪ್ರಿಲ್‌ನಲ್ಲಿ, ದೇವರ ಪರ ವಾದ ತತ್ವಜ್ಞಾನಿಗಳ ನಡುವೆ ಮತ್ತೆ ಜೀವ ಪಡೆಯುತ್ತಿದೆ ಎಂದು ಬರೆಯಿತು. ಈ ಹದಿನಾಲ್ಕು ವರ್ಷಗಳಲ್ಲಿ ಶುರುವಾದದ್ದೇ ನಮ್ಮ ವಿಷಯ.

ಒಂದೆರಡು ಪುಸ್ತಕಗಳಿಂದ ಇಷ್ಟೆಲ್ಲ ಆಯಿತೇ?
(ಓದುಗರು, ಶಿವಮೊಗ್ಗ)

ಇಲ್ಲ. ಪುಸ್ತಕದ ಹಿಂದೆ ಶಾಲೆ, ಸಂಘ, ಪತ್ರಿಕೆ, ಹುದ್ದೆ ಎಲ್ಲ ಇದ್ದವು. ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿರುವ ಕ್ಯಾಲ್ವಿನ್ ಕಾಲೇಜು (ಈಗ ವಿಶ್ವವಿದ್ಯಾಲಯ) ಡಚ್ ವಲಸಿಗರ ಸುಧಾರಿತ (ರಿಫಾರ್ಮ್ಡ್, ಪ್ರಾಟೆಸ್ಟಂಟ್) ಚರ್ಚಿನ ಸಂಸ್ಥೆ. ನಂಬಿಕೆಯನ್ನು ಬದಿಗಿಟ್ಟು ವಿದ್ಯೆ ಎಂಬುದೇ ಇಲ್ಲ ಎಂಬ ಡಚ್ ದೇವತಾಶಾಸ್ತ್ರಜ್ಞ ಅಬ್ರಹಾಂ ಕೈಪರ್ ಪರಂಪರೆ ಅಲ್ಲಿಯದು. ಹ್ಯಾರಿ ಜೆಲ್ಲೆಮಾ ಎಂಬ ಮೇಷ್ಟರ ಕೈಕೆಳಗೆ ಪ್ಲಾಂಟಿಂಗಾ ಮತ್ತು ನಿಕೊಲಸ್ ವೋಲ್ಟರ್‌ಸ್ಟಾರ್ಫ್ ಇಬ್ಬರೂ ಓದಿದರು, ಮುಂದೆ ಇಬ್ಬರೂ ಅಲ್ಲೇ ಕಲಿಸಿದರು.

1978ರಲ್ಲಿ 'ಸೊಸೈಟಿ ಆಫ್ ಕ್ರಿಶ್ಚಿಯನ್ ಫಿಲಾಸಫರ್ಸ್' ಹುಟ್ಟಿತು. ಮೊದಲ ಅಧ್ಯಕ್ಷರು ವಿಲಿಯಂ ಆಲ್‌ಸ್ಟನ್. ಇದು ಜಾಣತನದ ಆಯ್ಕೆ, ಏಕೆಂದರೆ ಭಾಷಾ ತತ್ವಶಾಸ್ತ್ರದಲ್ಲಿ ಆಲ್‌ಸ್ಟನ್ ಆಗಲೇ ಹೆಸರು ಮಾಡಿದ್ದರು. 'ಇವರು ಧರ್ಮಪ್ರಚಾರಕರು' ಎಂದು ಯಾರೂ ತಳ್ಳಿಹಾಕುವಂತಿರಲಿಲ್ಲ. 1984ರಲ್ಲಿ ಅವರದೇ ಸಂಪಾದಕತ್ವದಲ್ಲಿ ಸಂಘದ ಪತ್ರಿಕೆ 'ಫೇತ್ ಅಂಡ್ ಫಿಲಾಸಫಿ' ಶುರುವಾಯಿತು. ಕ್ರೈಸ್ತರಲ್ಲದವರೂ, ಕ್ರೈಸ್ತ ವಾದಗಳನ್ನು ಕೆಡವುವವರೂ ಅದರಲ್ಲಿ ಬರೆಯಬಹುದಿತ್ತು. ಈ ನಿಲುವು ಇರದಿದ್ದರೆ ಅದು ಚರ್ಚಿನ ಮಾಸಿಕದ ಮಟ್ಟಕ್ಕೆ ಇಳಿಯುತ್ತಿತ್ತು ಎಂಬುದು ನಮ್ಮ ಎಣಿಕೆ.

ಪ್ಲಾಂಟಿಂಗಾ 1982ರಲ್ಲಿ ಕ್ಯಾಥೊಲಿಕ್ ಸಂಸ್ಥೆಯಾದ ನೋಟರ್‌ಡೇಮ್ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷದ ನವೆಂಬರಿನಲ್ಲಿ ಅಲ್ಲಿ ಕೊಟ್ಟ ಉಪನ್ಯಾಸ 'ಅಡ್ವೈಸ್ ಟು ಕ್ರಿಶ್ಚಿಯನ್ ಫಿಲಾಸಫರ್ಸ್' ಹೊಸ ಪತ್ರಿಕೆಯ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಅದರ ತಿರುಳು: ಬೇರೆಯವರು ಹಾಕಿಕೊಟ್ಟ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವುದು ಸಾಕು, ನಿಮ್ಮ ಸಮುದಾಯಕ್ಕೆ ಮುಖ್ಯವಾದ ಪ್ರಶ್ನೆಗಳನ್ನು ನೀವೇ ಎತ್ತಿ, ದೇವರಿದ್ದಾನೆ ಎಂಬುದನ್ನು ಮೊದಲು ಸಾಧಿಸಿ ಆಮೇಲೆ ಮುಂದುವರಿಯಬೇಕಿಲ್ಲ, ಅಲ್ಲಿಂದಲೇ ಹೊರಡಬಹುದು. ಬೆಂಬಲಿಗರಿಗೆ ಇದು ಧೈರ್ಯ ಕೊಟ್ಟಿತು. ಟೀಕಾಕಾರರಿಗೆ ಇದೇ ಮೊದಲ ಆಕ್ಷೇಪವೂ ಆಯಿತು. ಆ ಮಾತು ಕೊನೆಗೆ ಬರುತ್ತದೆ.

'ಪುರಾವೆ ಇಲ್ಲದೆಯೂ ದೇವರನ್ನು ನಂಬಬಹುದು' ಎಂದು ಪ್ಲಾಂಟಿಂಗಾ ಹೇಳುತ್ತಾರಂತೆ. ಹಾಗಾದರೆ ದೆವ್ವ, ಭೂತ ಎಲ್ಲವನ್ನೂ ನಂಬಬಹುದಲ್ಲ?
(ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಈ ಆಕ್ಷೇಪವನ್ನು ಮೊದಲು ಬರೆದಿಟ್ಟವರು ಪ್ಲಾಂಟಿಂಗಾ ಅವರೇ. ಅಮೆರಿಕದ ಒಂದು ಕಾಮಿಕ್ಸ್‌ನಲ್ಲಿ ಲೈನಸ್ ಎಂಬ ಹುಡುಗ ಪ್ರತಿ ಹ್ಯಾಲೊವೀನ್ ರಾತ್ರಿ ಕುಂಬಳಕಾಯಿ ದೇವರಿಗಾಗಿ ಕಾಯುತ್ತಾನೆ. ಅದರಿಂದಾಗಿ ಇದಕ್ಕೆ 'ಗ್ರೇಟ್ ಪಂಪ್ಕಿನ್' ಆಕ್ಷೇಪ ಎಂದೇ ಹೆಸರು. ಉತ್ತರಕ್ಕೆ ಮೊದಲು ವಾದವನ್ನು ಬಿಡಿಸಿ ನೋಡೋಣ.

1877ರಲ್ಲಿ ಡಬ್ಲ್ಯು.ಕೆ. ಕ್ಲಿಫರ್ಡ್, ಸಾಕಷ್ಟು ಪುರಾವೆ ಇಲ್ಲದೆ ಏನನ್ನೂ ನಂಬುವುದು ಎಲ್ಲಿಯೂ ಯಾರಿಗೂ ತಪ್ಪು ಎಂದು ಬರೆದರು. ಪ್ಲಾಂಟಿಂಗಾ ಕೇಳುವುದು: ಪುರಾವೆಗೂ ಪುರಾವೆ ಬೇಕಾದರೆ ಸರಪಳಿ ಎಲ್ಲಿ ನಿಲ್ಲಬೇಕು? ಎಲ್ಲೋ ಒಂದು ಕಡೆ ಮೂಲ ನಂಬಿಕೆಗಳಿರಬೇಕು. ಹಳೆಯ ಸಿದ್ಧಾಂತದ ಪ್ರಕಾರ ಮೂಲವೆನಿಸಲು ನಂಬಿಕೆ ಸ್ವಯಂಸಿದ್ಧವಾಗಿರಬೇಕು (2+1=3), ಅಥವಾ ತಪ್ಪಲು ಸಾಧ್ಯವೇ ಇರದಂಥದ್ದಾಗಿರಬೇಕು (ನನಗೀಗ ನೋಯುತ್ತಿದೆ), ಅಥವಾ ಇಂದ್ರಿಯಗಳಿಗೆ ಸ್ಪಷ್ಟವಾಗಿರಬೇಕು. ಈ ಸಿದ್ಧಾಂತವೇ ಆ ಮೂರರಲ್ಲಿ ಯಾವುದೂ ಅಲ್ಲ, ಅವುಗಳಿಂದ ಅದನ್ನು ಸಾಧಿಸಿದವರೂ ಇಲ್ಲ. ಜೊತೆಗೆ 'ಬೆಳಿಗ್ಗೆ ಇಡ್ಲಿ ತಿಂದೆ' ಎಂಬ ನೆನಪು, 'ಎದುರಿಗಿರುವವರಿಗೂ ಮನಸ್ಸಿದೆ' ಎಂಬ ನಂಬಿಕೆ ಈ ಪಟ್ಟಿಯಲ್ಲಿಲ್ಲ. ಆದರೂ ಅವನ್ನು ನಂಬುವವರನ್ನು ಯಾರೂ ಅವಿವೇಕಿ ಎನ್ನುವುದಿಲ್ಲ. 1967ರ ಪುಸ್ತಕದ ವಾದವೂ ಇದೇ ಜಾಡಿನದು: ಇತರರ ಮನಸ್ಸಿನ ಬಗ್ಗೆ ನಮಗಿರುವ ಅತ್ಯುತ್ತಮ ವಾದವೂ ದೇವರ ಪರವಾದ ವಾದದಷ್ಟೇ ಕುಂಟುತ್ತದೆ. ಒಂದು ವಿವೇಕವಾದರೆ ಇನ್ನೊಂದೂ ವಿವೇಕ. 1983ರ 'ರೀಸನ್ ಅಂಡ್ ಬಿಲೀಫ್ ಇನ್ ಗಾಡ್' ಪ್ರಬಂಧದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ದೇವರ ನಂಬಿಕೆಯೇ ಮೂಲ ನಂಬಿಕೆಯಾಗಿರಬಹುದು ಎಂದರು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. 'ಪುರಾವೆ ಬೇಡ' ಎಂದರೆ 'ಆಧಾರ ಬೇಡ' ಎಂದು ಓದುವುದು ಮೊದಲನೆಯದು. ಮರ ಕಂಡಾಗ 'ಮರವಿದೆ' ಎಂಬ ನಂಬಿಕೆ ವಾದದಿಂದ ಬಂದದ್ದಲ್ಲ, ಹಾಗೆಂದು ಆಧಾರವಿಲ್ಲದ್ದೂ ಅಲ್ಲ. ಕಾಣುವ ಅನುಭವವೇ ಆಧಾರ. ಪಾಪಪ್ರಜ್ಞೆ, ಕೃತಜ್ಞತೆ, ನಕ್ಷತ್ರಗಳ ಕೆಳಗಿನ ಬೆರಗು ಇಂಥ ಸಂದರ್ಭಗಳು ದೇವರ ನಂಬಿಕೆಗೆ ಅದೇ ರೀತಿ ಆಧಾರ ಎಂಬುದು ಅವರ ವಾದ. ಎರಡನೆಯದು, ಮೂಲ ನಂಬಿಕೆ ಎಂದರೆ ಪ್ರಶ್ನಾತೀತ ಎಂದುಕೊಳ್ಳುವುದು. ಹಾಗಲ್ಲ. ಅದನ್ನು ಉರುಳಿಸುವ ಕಾರಣ ಎದುರಾದರೆ ಉತ್ತರ ಕೊಡಲೇಬೇಕು.

ಕುಂಬಳಕಾಯಿಗೆ ಅವರ ಉತ್ತರ: ಕೆಲವು ನಂಬಿಕೆಗಳು ಮೂಲವೆಂದ ಮಾತ್ರಕ್ಕೆ ಎಲ್ಲವೂ ಮೂಲವೆನ್ನಬೇಕಿಲ್ಲ, ಕುಂಬಳಕಾಯಿ ದೇವರ ಅರಿವಿಗೆಂದು ನಮ್ಮಲ್ಲಿ ಯಾವ ಸಹಜ ಶಕ್ತಿಯೂ ಇಲ್ಲ. 2000ದಲ್ಲಿ ಬಂದ 'ವಾರಂಟೆಡ್ ಕ್ರಿಶ್ಚಿಯನ್ ಬಿಲೀಫ್' ಇದನ್ನೇ ವಿಸ್ತರಿಸುತ್ತದೆ: ದೇವರಿದ್ದರೆ, ತನ್ನನ್ನು ಅರಿಯುವ ಶಕ್ತಿಯೊಂದನ್ನು ಮನುಷ್ಯನಲ್ಲಿ ಇಟ್ಟಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಆ ನಂಬಿಕೆ ಜ್ಞಾನವೇ, ಇಲ್ಲದಿದ್ದರೆ ಅಲ್ಲ. ಆ 'ದ್ದರೆ' ಮುಖ್ಯ. ನಂಬಿಕೆ ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸದೆ 'ನಿಜವಿದ್ದರೂ ಇರಲಿ, ನಂಬುವುದು ಅವಿವೇಕ' ಎಂಬ ಟೀಕೆ ನಿಲ್ಲುವುದಿಲ್ಲ ಎಂದಷ್ಟೇ ಇಲ್ಲಿ ಸಾಧಿತವಾಗುತ್ತದೆ. ಇದೇ ಮಾದರಿಯನ್ನು ಇನ್ನೊಂದು ಧರ್ಮದವರೂ ತಮಗೆ ಹೊಂದಿಸಿಕೊಳ್ಳಬಹುದು ಎಂಬ ತೊಡಕು ಪೂರ್ತಿ ಬಗೆಹರಿದಿಲ್ಲ. ನಮ್ಮ ದೃಷ್ಟಿಯಲ್ಲಿ ಇದೇ ಈ ಕಟ್ಟಡದ ದುರ್ಬಲ ಗೋಡೆ.

ಲೋಕದಲ್ಲಿ ಇಷ್ಟು ಕೇಡು ಇರುವಾಗ ಸರ್ವಶಕ್ತ, ದಯಾಮಯ ದೇವರು ಹೇಗೆ ಇದ್ದಾನು? ಇದನ್ನು ಪ್ಲಾಂಟಿಂಗಾ 'ಬಗೆಹರಿಸಿಬಿಟ್ಟರು' ಎಂದು ಒಂದು ಕಡೆ ಓದಿದೆ. ನಿಜವೇ?
(ನಿವೃತ್ತ ಶಿಕ್ಷಕರು, ಮೈಸೂರು)

ಒಂದು ರೂಪಕ್ಕೆ ಮಾತ್ರ, ಅದೂ ಬಹುಪಾಲು. 1955ರಲ್ಲಿ ಜೆ.ಎಲ್. ಮ್ಯಾಕಿ 'ಮೈಂಡ್' ಪತ್ರಿಕೆಯಲ್ಲಿ ಬರೆದದ್ದು: ದೇವರು ಸರ್ವಶಕ್ತ, ದೇವರು ಪೂರ್ಣ ಒಳ್ಳೆಯವನು, ಕೇಡು ಇದೆ, ಈ ಮೂರೂ ಒಟ್ಟಿಗೆ ನಿಜವಾಗಲು ತರ್ಕದಲ್ಲೇ ಸಾಧ್ಯವಿಲ್ಲ. ಇದು ಬಹಳ ದೊಡ್ಡ ಪ್ರತಿಪಾದನೆ, ಆದ್ದರಿಂದಲೇ ಕೆಡವಲು ಸುಲಭ. ಎರಡು ಹೇಳಿಕೆಗಳು ಪರಸ್ಪರ ವಿರುದ್ಧವಲ್ಲ ಎಂದು ತೋರಿಸಲು ಒಂದು ವಿಧಾನವಿದೆ: ಮೊದಲನೆಯದರ ಜೊತೆ ವಿರೋಧವಿಲ್ಲದೆ ನಿಲ್ಲುವ, ಅದರೊಡನೆ ಸೇರಿ ಎರಡನೆಯದನ್ನು ಹೊರಡಿಸುವ ಮೂರನೆಯ ಹೇಳಿಕೆಯೊಂದನ್ನು ಹುಡುಕಬೇಕು. ಆ ಮೂರನೆಯದು ನಿಜವಾಗಿರಬೇಕಿಲ್ಲ, ಸಾಧ್ಯವಾದರೆ ಸಾಕು.

1974ರ 'ದ ನೇಚರ್ ಆಫ್ ನೆಸೆಸಿಟಿ'ಯಲ್ಲಿ ಪ್ಲಾಂಟಿಂಗಾ ಮಾಡಿದ್ದು ಇದನ್ನೇ. ನಿಜವಾದ ಇಚ್ಛಾಸ್ವಾತಂತ್ರ್ಯವಿದ್ದರೆ ಒಬ್ಬ ವ್ಯಕ್ತಿ ಒಂದು ಸನ್ನಿವೇಶದಲ್ಲಿ ಏನು ಆರಿಸಿಕೊಳ್ಳುತ್ತಾನೆ ಎಂಬುದು ದೇವರ ಕೈಯಲ್ಲಿಲ್ಲ. ಹಾಗಾದ ಮೇಲೆ, ಎಲ್ಲರೂ ಸದಾ ಒಳ್ಳೆಯದನ್ನೇ ಆರಿಸುವ ಜಗತ್ತು ತರ್ಕಕ್ಕೆ ಸಾಧ್ಯವಾದರೂ ಅದನ್ನು ತರುವುದು ದೇವರಿಗೆ ಸಾಧ್ಯವಾಗದೆ ಇರಬಹುದು. ದೇವರು ಯಾವ ಸನ್ನಿವೇಶದಲ್ಲಿ ಸೃಷ್ಟಿಸಿದರೂ ಸ್ವತಂತ್ರನಾದ ಪ್ರತಿಯೊಬ್ಬನೂ ಒಂದು ಸಲವಾದರೂ ತಪ್ಪುವವನೇ ಎಂಬ ಸಾಧ್ಯತೆಯನ್ನು ಅವರು 'ಟ್ರಾನ್ಸ್‌ವರ್ಲ್ಡ್ ಡಿಪ್ರಾವಿಟಿ' ಎಂದು ಕರೆದರು. ಅದು ಬರೀ ಸಾಧ್ಯತೆಯಾದರೂ ಮ್ಯಾಕಿಯ 'ಸಾಧ್ಯವೇ ಇಲ್ಲ' ಬಿದ್ದುಹೋಗುತ್ತದೆ. ಮ್ಯಾಕಿ 1982ರ ಪುಸ್ತಕದಲ್ಲಿ ಷರತ್ತುಗಳೊಡನೆ ಈ ಬಗೆಯ ಸಾಧ್ಯತೆಗೆ ಜಾಗ ಬಿಟ್ಟರು. ತರ್ಕದಲ್ಲೇ ವಿರೋಧವಿದೆ ಎಂಬುದನ್ನು ಯಾರೂ ಸಾಧಿಸಿಲ್ಲ ಎಂದು ನಾಸ್ತಿಕ ವಿಲಿಯಂ ರೋ 1979ರಲ್ಲೇ ಬರೆದರು.

ಇದು ಎಲ್ಲಿ ಕೈಕೊಡುತ್ತದೆ? ಸ್ವಾತಂತ್ರ್ಯವೂ ಪೂರ್ವನಿರ್ಧಾರವೂ ಒಟ್ಟಿಗೆ ಇರಬಹುದು ಎನ್ನುವವರು ಮೊದಲ ಹೆಜ್ಜೆಯನ್ನೇ ಒಪ್ಪುವುದಿಲ್ಲ. ಭೂಕಂಪ, ಕ್ಯಾನ್ಸರ್‌ಗಳಂಥ ನೈಸರ್ಗಿಕ ಕೇಡಿಗೆ ಪ್ಲಾಂಟಿಂಗಾ, ಅದು ಸೈತಾನನಂಥ ಅಮಾನುಷ ಜೀವಿಗಳ ಸ್ವತಂತ್ರ ಕೃತ್ಯ ಆಗಿರಬಹುದು ಎನ್ನುತ್ತಾರೆ. 'ಸಾಧ್ಯ' ಎಂದು ತೋರಿಸಲು ಅಷ್ಟು ಸಾಕು, ಆದರೆ ನರಳುವ ಮಗುವಿನ ಹಾಸಿಗೆಯ ಪಕ್ಕ ಅದನ್ನು ಹೇಳುವಂತಿಲ್ಲ. ಅವರ ಮೂಲ ನಿರೂಪಣೆಯಲ್ಲೇ ಒಂದು ದೋಷವಿದೆ ಎಂದು 2009ರಲ್ಲಿ ರಿಚರ್ಡ್ ಓಟ್ ತೋರಿಸಿದಾಗ ಪ್ಲಾಂಟಿಂಗಾ ಅದನ್ನು ಒಪ್ಪಿದರು, ಓಟ್ ತಿದ್ದಿಯೂ ಕೊಟ್ಟಿದ್ದರು. ಕೆಲಸ ನಡೆಯುವ ರೀತಿ ಇದು. ಎರಡೂ ಕಡೆಯ ಭಕ್ತರು ಇದನ್ನು ಗಮನಿಸಿದಂತಿಲ್ಲ.

ಈಗ ನಿಜವಾದ ಜಗಳ ಬೇರೆ ಕಡೆ ಇದೆ. ರೋ ಅವರ 1979ರ ಲೇಖನದಲ್ಲಿ ಕಾಡ್ಗಿಚ್ಚಿನಲ್ಲಿ ಬೆಂದು ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯೊಂದಿದೆ. ಯಾರೂ ನೋಡಲಿಲ್ಲ, ಯಾರಿಗೂ ಪಾಠವಾಗಲಿಲ್ಲ. ಇಂಥ ನರಳಾಟಕ್ಕೆ ಕಾರಣ ಕಾಣುತ್ತಿಲ್ಲ, ಆದ್ದರಿಂದ ಬಹುಶಃ ಇಲ್ಲ, ಆದ್ದರಿಂದ ದೇವರೂ ಬಹುಶಃ ಇಲ್ಲ. ಸ್ಟೀಫನ್ ವಿಕ್‌ಸ್ಟ್ರಾ 1984ರಲ್ಲಿ ಮೊದಲ ಜಿಗಿತವನ್ನು ಹಿಡಿದರು: ಕಾರಣವಿದ್ದಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿತ್ತು ಎಂಬ ಖಾತ್ರಿ ಇದ್ದರೆ ಮಾತ್ರ 'ಕಾಣುತ್ತಿಲ್ಲ' ಎಂಬುದರಿಂದ 'ಇಲ್ಲ' ಎನ್ನಬಹುದು. ಈ ಉತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ದೇವರ ಕಾರಣಗಳು ನಮಗೆ ತಿಳಿಯುವುದೇ ಇಲ್ಲವಾದರೆ, ಎದುರಿಗೆ ನಡೆಯುವ ಕ್ರೌರ್ಯವನ್ನು ತಡೆಯಬೇಕೋ ಬೇಡವೋ ಎಂಬುದೂ ತಿಳಿಯದಂತಾಗುತ್ತದಲ್ಲ? ಮರಿಲಿನ್ ಮೆಕಾರ್ಡ್ ಆ್ಯಡಮ್ಸ್ (1999) ಮತ್ತು ಎಲಿಯನೋರ್ ಸ್ಟಂಪ್ (2010) ಈ ದಾರಿ ಬಿಟ್ಟು, ನರಳಿದ ವ್ಯಕ್ತಿಯ ಬದುಕಿಗೇ ಆ ನರಳಾಟವನ್ನು ಮೀರುವ ಒಳಿತು ಸಿಗುವುದು ಹೇಗೆ ಎಂದು ಕೇಳುತ್ತಾರೆ. ನಮ್ಮ ಮಟ್ಟಿಗೆ ಇಡೀ ಪುನರುಜ್ಜೀವನದಲ್ಲಿ ಮನುಷ್ಯರ ಬದುಕಿಗೆ ಅತಿ ಹತ್ತಿರ ಬರುವ ಬರಹ ಇವರಿಬ್ಬರದು.

ಸ್ವಿನ್‌ಬರ್ನ್ ಎಂಬುವರು ದೇವರ ಸಂಭವನೀಯತೆಯನ್ನು ಲೆಕ್ಕ ಹಾಕಿದ್ದಾರಂತೆ. ಲೆಕ್ಕ ಹೇಗೆ? ಅಂಕಿ ಎಲ್ಲಿಂದ?
(ಇಂಜಿನಿಯರ್, ಹುಬ್ಬಳ್ಳಿ)

ರಿಚರ್ಡ್ ಸ್ವಿನ್‌ಬರ್ನ್ 1985ರಿಂದ 2002ರವರೆಗೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರು. ಪ್ಲಾಂಟಿಂಗಾ 'ಪುರಾವೆ ಕಡ್ಡಾಯವಲ್ಲ' ಎಂದರೆ ಇವರು 'ತನ್ನಿ, ಪುರಾವೆಯನ್ನೇ ತೂಗೋಣ' ಎನ್ನುವವರು. 1979ರ 'ದ ಎಕ್ಸಿಸ್ಟೆನ್ಸ್ ಆಫ್ ಗಾಡ್'ನಲ್ಲಿ ಬಳಸಿದ ಸಲಕರಣೆ ನಿಮಗೆ ಗೊತ್ತಿರುವ, ಪುರಾವೆ ಬಂದಂತೆ ಸಂಭವವನ್ನು ತಿದ್ದುವ ಬೇಯ್ಸ್ ಪ್ರಮೇಯವೇ.

ಪರ-ವಿರೋಧದ ಅನುಪಾತದಲ್ಲಿ ಹಾಕಿದರೆ ಸುಲಭ. ಅಂಕಿಗಳು ನಮ್ಮವು, ಅವರವಲ್ಲ. ಆರಂಭದಲ್ಲಿ ಸಂಭವ 10% ಎನ್ನಿ, ಅಂದರೆ ಅನುಪಾತ 1:9. ಜಗತ್ತೊಂದು ಇದೆ, ಅದರಲ್ಲಿ ನಿಯಮಬದ್ಧತೆ ಇದೆ, ಪ್ರಜ್ಞೆಯುಳ್ಳ ಜೀವಿಗಳಿವೆ; ದೇವರಿಲ್ಲದಿದ್ದರೆ ನಿರೀಕ್ಷಿಸುವುದಕ್ಕಿಂತ ದೇವರಿದ್ದರೆ ಇವುಗಳಲ್ಲಿ ಒಂದೊಂದನ್ನೂ 3 ಪಟ್ಟು ಹೆಚ್ಚು ನಿರೀಕ್ಷಿಸಬಹುದು ಎನ್ನಿ. 3×3×3=27. ಅನುಪಾತ 27:9, ಅಂದರೆ 75%. ಈಗ ಕೇಡನ್ನು ತನ್ನಿ. ದೇವರಿದ್ದರೆ ಅದರ ನಿರೀಕ್ಷೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎನ್ನಿ. 27:9 ಹೋಗಿ 9:9, ಅಂದರೆ 50%.

ತಪ್ಪುವುದು ಮೂರು ಕಡೆ. ಪುರಾವೆಗಳು ಒಂದನ್ನೊಂದು ಅವಲಂಬಿಸಿದ್ದರೆ ಹೀಗೆ ಗುಣಿಸುವಂತಿಲ್ಲ. ನಿಯಮಬದ್ಧತೆ ಬಂದ ಮೇಲೆ ಉಳಿದೆರಡು ತಾವಾಗಿಯೇ ಬರುತ್ತವೆ ಎಂದಾದರೆ ಒಂದೇ 3 ಉಳಿಯುತ್ತದೆ. ಅನುಪಾತ 3:9, ಬರೀ 25%. ಎರಡನೆಯದು ಆರಂಭದ ಅಂಕಿ. ಇತರ ಮಾಹಿತಿ ಇಲ್ಲದಾಗ ಸರಳವಾದ ಸಿದ್ಧಾಂತಕ್ಕೆ ಹೆಚ್ಚು ಸಂಭವ, ಮಿತಿಯಿಲ್ಲದ ಒಬ್ಬ ವ್ಯಕ್ತಿ ಎಂಬುದು ಬಹು ಸರಳ ಎಂದು ಸ್ವಿನ್‌ಬರ್ನ್ ವಾದ. ಎಲ್ಲವನ್ನೂ ಬಲ್ಲ ಮನಸ್ಸು ಸರಳವೇ ಎಂದು ಎದುರಾಳಿಗಳು ಇಲ್ಲೇ ಪಟ್ಟು ಹಾಕುತ್ತಾರೆ. ಮೂರನೆಯ ಆಕ್ಷೇಪ ಪ್ಲಾಂಟಿಂಗಾರದು: ದೇವರಿದ್ದಾನೆ, ಆತ ಮಾತಾಡುತ್ತಾನೆ, ಯೇಸುವಿನ ಮೂಲಕ ಮಾತಾಡಿದ ಎಂದು ಮೆಟ್ಟಿಲು ಏರುತ್ತ ಹೋದಂತೆ ಸಂಭವ ಕರಗುತ್ತದೆ, ಐದು ಮೆಟ್ಟಿಲು, ಒಂದೊಂದಕ್ಕೆ 0.9 ಕೊಟ್ಟರೂ ಕೊನೆಗೆ ಉಳಿಯುವುದು ಸುಮಾರು 0.59. ಇದಕ್ಕೆ ಪ್ರತ್ಯುತ್ತರ, ಮೇಲಿನ ಮೆಟ್ಟಿಲಿನ ಪುರಾವೆ ಕೆಳಗಿನದನ್ನೂ ಗಟ್ಟಿ ಮಾಡುತ್ತದೆ ಎಂಬುದು.

ಸ್ವಿನ್‌ಬರ್ನ್ ತೀರ್ಮಾನ ಸಾಧಾರಣವಾದದ್ದು: ಧಾರ್ಮಿಕ ಅನುಭವವನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೆ ತೂಗಿದರೆ ದೇವರಿರುವುದು ಇಲ್ಲದಿರುವುದಕ್ಕಿಂತ ಹೆಚ್ಚು ಸಂಭವ. 2003ರಲ್ಲಿ ಯೇಸುವಿನ ಪುನರುತ್ಥಾನದ ಬಗ್ಗೆ ಬರೆದಾಗ ಉದಾಹರಣೆಗೆಂದು ಹಾಕಿದ ಅಂಕಿಗಳಿಂದ 97% ಬಂತು. ಆ ಅಂಕಿ ವಾದದ ಆಕಾರ ತೋರಿಸಲು ಇಟ್ಟದ್ದು; ಅದನ್ನು ಅಳತೆಯೆಂದು ಉಲ್ಲೇಖಿಸುವವರನ್ನು ನಂಬಬೇಡಿ.

ಪ್ಲಾಂಟಿಂಗಾ ಜೀವವಿಕಾಸವನ್ನು ಒಪ್ಪುವುದಿಲ್ಲವೇ?
(ಜೀವವಿಜ್ಞಾನ ವಿದ್ಯಾರ್ಥಿ, ಕಲಬುರಗಿ)

1993ರ 'ವಾರಂಟ್ ಅಂಡ್ ಪ್ರಾಪರ್ ಫಂಕ್ಷನ್'ನ ಕೊನೆಯ ಅಧ್ಯಾಯದ ವಾದ ಜೀವವಿಕಾಸದ ವಿರುದ್ಧವಲ್ಲ. ಜೀವವಿಕಾಸವನ್ನೂ, ದೇವರಂಥದ್ದೇನೂ ಇಲ್ಲ ಎಂಬ ನಿಸರ್ಗವಾದವನ್ನೂ ಒಟ್ಟಿಗೆ ಹಿಡಿಯುವುದರ ವಿರುದ್ಧ. ನೈಸರ್ಗಿಕ ಆಯ್ಕೆ ಲಕ್ಷ್ಯ ಕೊಡುವುದು ಬದುಕುಳಿಯುವ ನಡವಳಿಕೆಗೆ, ನಂಬಿಕೆ ನಿಜವೇ ಎಂಬುದಕ್ಕಲ್ಲ. ಹಾಗಿದ್ದರೆ ನಮ್ಮ ಬುದ್ಧಿ ಭರವಸೆಗೆ ಅರ್ಹ ಎಂಬ ಸಂಭವ ಕಡಿಮೆ, ಇಲ್ಲವೇ ಹೇಳಲಾಗದು. ಆ ಬುದ್ಧಿಯಿಂದಲೇ ಬಂದ ನಿಸರ್ಗವಾದವನ್ನು ಆಮೇಲೆ ಹೇಗೆ ನಂಬುವುದು? ಎದುರಾಳಿಗಳ ಬಲವಾದ ಉತ್ತರ: ಹುಲಿ ಎಲ್ಲಿದೆ ಎಂಬ ಬಗ್ಗೆ ಪದೇ ಪದೇ ತಪ್ಪುವ ಪ್ರಾಣಿ ಉಳಿಯುವುದಿಲ್ಲ, ನಿಜವಾದ ನಂಬಿಕೆಯೇ ಸಾಮಾನ್ಯವಾಗಿ ಸರಿಯಾದ ನಡವಳಿಕೆಗೆ ದಾರಿ. ದಿನನಿತ್ಯದ ನಂಬಿಕೆಗಳಿಗೆ ಈ ಉತ್ತರ ಚೆನ್ನಾಗಿ ಹೊಂದುತ್ತದೆ, ತತ್ವಮೀಮಾಂಸೆಯಂಥ ದೂರದ ವಿಷಯಗಳಿಗೆ ಅಷ್ಟಾಗಿ ಇಲ್ಲ.

ಅಮೆರಿಕದ ತತ್ವಶಾಸ್ತ್ರ ಪ್ರಾಧ್ಯಾಪಕರಲ್ಲಿ ಮೂರನೇ ಒಂದು ಭಾಗ ಆಸ್ತಿಕರಂತೆ, ಹೌದೇ?
(ಓದುಗರು, ಬೆಂಗಳೂರು)

ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದು ಎಂದು 2001ರಲ್ಲಿ ಬರೆದವರು ಕ್ವೆಂಟಿನ್ ಸ್ಮಿತ್, ಸ್ವತಃ ನಾಸ್ತಿಕರು. ತಮ್ಮ ಕಡೆಯವರು ಮೈಮರೆತಿದ್ದಾರೆ ಎಂದು ಎಚ್ಚರಿಸುವುದು ಅವರ ಉದ್ದೇಶ. ಅದು ಅಂದಾಜು, ಗಣತಿಯಲ್ಲ. ತತ್ವಜ್ಞಾನಿಗಳ ನಡುವೆ ನಡೆದ ಫಿಲ್‌ಪೇಪರ್ಸ್ ಸಮೀಕ್ಷೆಯಲ್ಲಿ 2009ರಲ್ಲಿ ಆಸ್ತಿಕತೆಯತ್ತ ಒಲವು ತೋರಿದವರು 14.6%, ನಾಸ್ತಿಕತೆಯತ್ತ 72.8%. 2020ರಲ್ಲಿ ಸುಮಾರು 19% ಮತ್ತು 67%. ಸಮೀಕ್ಷೆಯ ಗುಂಪು ಎರಡೂ ಸಲ ಒಂದೇ ಅಲ್ಲವಾದ್ದರಿಂದ ಏರಿಕೆ ಎಂದು ಬೀಗುವಂತಿಲ್ಲ. ಧರ್ಮದ ತತ್ವಶಾಸ್ತ್ರವನ್ನೇ ವಿಶೇಷವಾಗಿ ಓದಿದವರಲ್ಲಿ ಮಾತ್ರ 2009ರಲ್ಲಿ ಹತ್ತರಲ್ಲಿ ಏಳರಷ್ಟು ಆಸ್ತಿಕರು. ಇದಕ್ಕೆ 'ಓದಿದವರು ಒಪ್ಪುತ್ತಾರೆ' ಎಂಬ ಅರ್ಥವೂ ಹೊರಡುತ್ತದೆ, 'ಒಪ್ಪಿದವರೇ ಓದಲು ಬರುತ್ತಾರೆ' ಎಂಬ ಅರ್ಥವೂ ಹೊರಡುತ್ತದೆ. ನಮಗೆ ಎರಡನೆಯದೇ ಹೆಚ್ಚು ನಂಬುವಂತೆ ಕಾಣುತ್ತದೆ.

ಆಂಟನಿ ಫ್ಲೂ ಕೊನೆಗೆ ಕ್ರೈಸ್ತರಾದರೇ?
(ಓದುಗರು, ಹಾಸನ)

ಇಲ್ಲ. 2004ರಲ್ಲಿ ದೇವರೊಬ್ಬ ಇದ್ದಿರಬೇಕು ಎಂದರು. ಆದರೆ ಅದು ಅರಿಸ್ಟಾಟಲ್ ಹೇಳಿದಂಥ, ಮನುಷ್ಯರ ಗೋಜಿಗೆ ಬಾರದ ದೇವರು. ಮರಣಾನಂತರದ ಬದುಕನ್ನು ಅವರು ನಂಬಲಿಲ್ಲ. 2010ರಲ್ಲಿ ತೀರಿಕೊಂಡರು.

ನಮ್ಮ ದರ್ಶನಗಳಲ್ಲಿ ಇದಕ್ಕೆ ಸಮಾನವಾದದ್ದು ಇಲ್ಲವೇ?
(ಸಂಸ್ಕೃತ ಅಧ್ಯಾಪಕರು, ಉಡುಪಿ)

ಇದೆ, ಅದೂ ನಿಮ್ಮ ಊರಿನಲ್ಲೇ. ಪ್ಲಾಂಟಿಂಗಾ-ಸ್ವಿನ್‌ಬರ್ನ್ ನಡುವಿನ ಭೇದ ನ್ಯಾಯ ಮತ್ತು ದ್ವೈತಗಳ ನಡುವೆ ಹಿಂದೆಯೇ ಇತ್ತು. ಉದಯನಾಚಾರ್ಯರ 'ನ್ಯಾಯಕುಸುಮಾಂಜಲಿ' ಈಶ್ವರನನ್ನು ಅನುಮಾನದಿಂದ, ಅಂದರೆ ತಾರ್ಕಿಕ ಊಹೆಯಿಂದ, ಸಾಧಿಸುತ್ತದೆ: ಕಾರ್ಯಕ್ಕೆ ಕರ್ತೃ ಬೇಕು, ಮಡಕೆಗೆ ಕುಂಬಾರನಂತೆ. ಮಧ್ವಾಚಾರ್ಯರು ಅದನ್ನು ಒಪ್ಪುವುದಿಲ್ಲ. 'ವಿಷ್ಣುತತ್ತ್ವವಿನಿರ್ಣಯ'ದ ಆರಂಭದ ಶ್ಲೋಕದಲ್ಲೇ ನಾರಾಯಣ 'ಸದಾಗಮೈಕವಿಜ್ಞೇಯ', ಸದಾಗಮದಿಂದ (ವೇದಾದಿ ಶಾಸ್ತ್ರದಿಂದ) ಮಾತ್ರ ತಿಳಿಯತಕ್ಕವನು. ಕಾರಣ, ಬರೀ ಅನುಮಾನದಿಂದ ಒಬ್ಬ ಕರ್ತೃವನ್ನು ಸಾಧಿಸಿದರೆ ಇನ್ನೊಬ್ಬರು ಅಂಥದೇ ಅನುಮಾನದಿಂದ ಅದನ್ನು ಅಲ್ಲಗಳೆಯಬಲ್ಲರು.

ಇನ್ನೂ ಹತ್ತಿರದ ಹೋಲಿಕೆ ಜ್ಞಾನಮೀಮಾಂಸೆಯಲ್ಲಿದೆ. ದ್ವೈತದಲ್ಲಿ ಜ್ಞಾನ ಸ್ವತಃ ಪ್ರಮಾಣ, ಅದು ನಿಜವೆನ್ನಲು ಬೇರೆ ಪುರಾವೆ ಬೇಕಿಲ್ಲ. ಅಪ್ರಾಮಾಣ್ಯಕ್ಕೆ ದೋಷ ಕಾರಣ. ಪ್ರತ್ಯಕ್ಷವೆಂದರೆ ನಿರ್ದೋಷವಾದ ಇಂದ್ರಿಯಕ್ಕೂ ನಿರ್ದೋಷವಾದ ವಿಷಯಕ್ಕೂ ಆಗುವ ಸಂಬಂಧ. ಸರಿಯಾಗಿ ಕೆಲಸ ಮಾಡುವ ಶಕ್ತಿ, ಅದಕ್ಕೆ ತಕ್ಕ ಪರಿಸರದಲ್ಲಿ ಹುಟ್ಟಿಸಿದ ನಂಬಿಕೆಯೇ ಜ್ಞಾನ ಎನ್ನುವ ಪ್ಲಾಂಟಿಂಗಾರ ಪಕ್ಕದಲ್ಲಿ ಇದನ್ನಿಟ್ಟು ಓದಿ. ಆದರೆ ಒಂದೇ ಎನ್ನಬೇಡಿ. ಮಧ್ವರು ಹೇಳುವ ಸಾಕ್ಷಿ (ಜ್ಞಾನ ನಿಜವೆಂದು ನಿಶ್ಚಯಿಸುವ ಆತ್ಮದ ಅರಿವು) ಎಂದೂ ತಪ್ಪುವುದಿಲ್ಲ. ಪ್ಲಾಂಟಿಂಗಾ ಹೇಳುವ ದೈವಪ್ರಜ್ಞೆ ಪಾಪದಿಂದ ಕೆಟ್ಟಿರಬಹುದು. ವಿಲಿಯಂ ಲೇನ್ ಕ್ರೇಗ್ 1979ರಲ್ಲಿ ಮತ್ತೆ ಚಾಲ್ತಿಗೆ ತಂದ, ಜಗತ್ತಿಗೆ ಆರಂಭವಿರುವುದರಿಂದ ಅದಕ್ಕೊಂದು ಕಾರಣವಿದೆ ಎನ್ನುವ 'ಕಲಾಂ' ವಾದವಂತೂ ನೇರವಾಗಿ ಅಲ್-ಗಜಾಲಿಯವರ ಇಸ್ಲಾಮಿಕ್ ಪರಂಪರೆಯಿಂದ ತೆಗೆದದ್ದು.

ಇದು ತತ್ವಶಾಸ್ತ್ರವೋ, ತತ್ವಶಾಸ್ತ್ರದ ವೇಷ ಹಾಕಿದ ಮತಸಮರ್ಥನೆಯೋ?
(ಪತ್ರಕರ್ತರು, ಮಂಗಳೂರು)

ಪಾಲ್ ಡ್ರೇಪರ್ ಮತ್ತು ರಯಾನ್ ನಿಕೋಲ್ಸ್ 2013ರಲ್ಲಿ ಇದೇ ಪ್ರಶ್ನೆ ಎತ್ತಿದರು: ಈ ಕ್ಷೇತ್ರ ಗುಂಪಿನ ಒತ್ತಡಕ್ಕೂ ಪೂರ್ವಗ್ರಹಕ್ಕೂ ಹೆಚ್ಚು ಒಳಗಾಗಿದೆ, ಚರ್ಚೆ ಆಸ್ತಿಕತೆಯ ಸುತ್ತಲೇ ಸುತ್ತುತ್ತಿದೆ. ನಾಸ್ತಿಕ ಕೀತ್ ಪಾರ್ಸನ್ಸ್ 2010ರಲ್ಲಿ ಧರ್ಮದ ತತ್ವಶಾಸ್ತ್ರ ಕಲಿಸುವುದನ್ನೇ ಬಿಡುವುದಾಗಿ ಘೋಷಿಸಿದರು. ಟೀಕೆಯಲ್ಲಿ ಹುರುಳಿದೆ. 2009ರ ಹೊತ್ತಿಗೆ 'ಅನಲಿಟಿಕ್ ಥಿಯಾಲಜಿ' ಎಂಬ ಹೆಸರಿನಲ್ಲಿ ತ್ರಯೇಕತ್ವ, ಅವತಾರ, ಪ್ರಾಯಶ್ಚಿತ್ತಗಳನ್ನು ಬಿಡಿಸುವ ಕೆಲಸ ಶುರುವಾಯಿತು. ಅಲ್ಲಿಗೆ ಹೊರಗಿನ ಟೀಕಾಕಾರರು ಬರುವುದು ಕಡಿಮೆ, ಮನೆಯವರೇ ಪರೀಕ್ಷಕರು. ಆದರೆ ಕೇಡಿನ ಸಮಸ್ಯೆ, ಜೆ.ಎಲ್. ಶೆಲನ್‌ಬರ್ಗ್ 1993ರಲ್ಲಿ ಎತ್ತಿದ 'ದೇವರು ಏಕೆ ಮರೆಯಾಗಿದ್ದಾನೆ' ಎಂಬ ವಾದ, ಇವುಗಳಲ್ಲಿ ಎರಡೂ ಕಡೆಯ ಉತ್ತಮ ತಲೆಗಳು ನಿಜವಾಗಿ ಗುದ್ದಾಡಿವೆ. ಕ್ಯಾಥೊಲಿಕ್ ಪಾಲನ್ನೂ ಮರೆಯಬಾರದು: ಎಲಿಜಬೆತ್ ಆನ್ಸ್‌ಕಂಬ್ ಅವರ 1958ರ ಪ್ರಬಂಧ ನೀತಿಶಾಸ್ತ್ರದ ದಿಕ್ಕನ್ನೇ ಬದಲಿಸಿತು, ಅದನ್ನು ಒಪ್ಪಲು ಯಾರೂ ಕ್ಯಾಥೊಲಿಕ್ ಆಗಬೇಕಾಗಲಿಲ್ಲ.

ಇದನ್ನೆಲ್ಲ ಓದಲು ಎಲ್ಲಿಂದ ಶುರು ಮಾಡಬೇಕು?
(ಹಲವರು)

ಪ್ಲಾಂಟಿಂಗಾರ 'ಗಾಡ್, ಫ್ರೀಡಂ ಅಂಡ್ ಈವಿಲ್' (1974). ನೂರು ಪುಟಗಳ ಆಸುಪಾಸು, ಮೊದಲರ್ಧ ಕೇಡು, ಉತ್ತರಾರ್ಧ ದೇವರಿರುವಿಕೆಯ ವಾದಗಳು. ಅದರ ಬೆನ್ನಿಗೇ ರೋ ಅವರ 1979ರ ಲೇಖನ, ಏಳೇ ಪುಟ. ಎರಡನ್ನೂ ಒಟ್ಟಿಗೆ ಓದದಿದ್ದರೆ ಒಂದೇ ಕಡೆ ವಾಲುತ್ತೀರಿ. ಆಮೇಲೆ ಸ್ವಿನ್‌ಬರ್ನ್ ಸಾಮಾನ್ಯ ಓದುಗರಿಗೆಂದು ಬರೆದ 'ಈಸ್ ದೇರ್ ಎ ಗಾಡ್?' (1996). ಪ್ಲಾಂಟಿಂಗಾರ 'ವಾರಂಟ್' ಸರಣಿಯ ಮೂರು ಸಂಪುಟಗಳಿಗೆ ಈಗಲೇ ಕೈಹಾಕಬೇಡಿ. ಮೊದಲೆರಡರಲ್ಲಿ ದೇವರಿಗಿಂತ 'ಜ್ಞಾನ ಎಂದರೇನು' ಎಂಬ ಚರ್ಚೆಯೇ ಹೆಚ್ಚು. ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶ ಮತ್ತು 'ಜರ್ನಲ್ ಆಫ್ ಅನಲಿಟಿಕ್ ಥಿಯಾಲಜಿ' ಅಂತರ್ಜಾಲದಲ್ಲಿ ಉಚಿತ.

ಓದುವಾಗ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಆಧಾರವಾಕ್ಯಗಳಿಗೆ ಸಂಖ್ಯೆ ಹಾಕಿ ಬರೆಯಿರಿ. ಲೇಖಕರು ಯಾವುದಕ್ಕೆ ಕಾರಣ ಕೊಟ್ಟಿದ್ದಾರೆ, ಯಾವುದನ್ನು ಸುಮ್ಮನೆ ಇಟ್ಟುಕೊಂಡಿದ್ದಾರೆ ಎಂದು ಗುರುತು ಮಾಡಿ. ಆಮೇಲೆ ತೀರ್ಮಾನದ ತೂಕ ನೋಡಿ: ದೇವರಿರುವುದು 'ಸಾಧ್ಯ' ಎಂದೋ, ನಂಬುವುದು 'ಅವಿವೇಕವಲ್ಲ' ಎಂದೋ, 'ಹೆಚ್ಚು ಸಂಭವ' ಎಂದೋ, 'ಸಿದ್ಧ' ಎಂದೋ? ಈ ಬರಹಗಳಲ್ಲಿ ಕೊನೆಯದು ಸಿಗುವುದು ಅಪರೂಪ. ಅಭ್ಯಾಸಕ್ಕೆ, ದೇವರ ಪರಿಕಲ್ಪನೆಯಿಂದಲೇ ಇರುವಿಕೆಯನ್ನು ಹೊರಡಿಸುವ ಪ್ಲಾಂಟಿಂಗಾರ ಸತ್ತಾಮೂಲಕ ವಾದ ಒಳ್ಳೆಯದು: ಪರಮ ಶ್ರೇಷ್ಠತೆಯುಳ್ಳದ್ದು ಒಂದು ಸಾಧ್ಯ ಜಗತ್ತಿನಲ್ಲಾದರೂ (ಲೋಕ ಇರಬಹುದಾದ ಒಂದು ರೀತಿಯಲ್ಲಾದರೂ) ಇದೆ; ಪರಮ ಶ್ರೇಷ್ಠತೆ ಎಂದರೆ ಎಲ್ಲ ಸಾಧ್ಯ ಜಗತ್ತುಗಳಲ್ಲೂ ಪರಿಪೂರ್ಣವಾಗಿರುವುದು; ಆದ್ದರಿಂದ ಅದು ನಮ್ಮ ಜಗತ್ತಿನಲ್ಲೂ ಇದೆ. 'ಸಾಧ್ಯ', 'ಅನಿವಾರ್ಯ'ಗಳಿಗೆ ಬಳಸುವ ಎಸ್5 ಎಂಬ ತರ್ಕಪದ್ಧತಿಯಲ್ಲಿ ಇದು ಸರಿಯಾದ ವಾದವೇ. ಈಗ ಮೊದಲ ವಾಕ್ಯದ ಬದಲು 'ಅಂಥದ್ದು ಇಲ್ಲದ ಒಂದು ಸಾಧ್ಯ ಜಗತ್ತಾದರೂ ಇದೆ' ಎಂದು ಹಾಕಿ ಮತ್ತೆ ನಡೆಸಿ. ಅಷ್ಟೇ ಸರಿಯಾಗಿ, ಅಂಥದ್ದು ಎಲ್ಲಿಯೂ ಇಲ್ಲ ಎಂದು ಬರುತ್ತದೆ. ಎರಡರಲ್ಲಿ ಯಾವ ಮೊದಲ ವಾಕ್ಯವನ್ನು ಏಕೆ ಒಪ್ಪುತ್ತೀರಿ ಎಂದು ಅರ್ಧ ಪುಟ ಬರೆದ ಮೇಲೆ, 'ಗಾಡ್, ಫ್ರೀಡಂ ಅಂಡ್ ಈವಿಲ್'ನಲ್ಲಿ ಆ ಭಾಗದ ಕೊನೆಗೆ ಪ್ಲಾಂಟಿಂಗಾ ತಮ್ಮ ವಾದದಿಂದ ಎಷ್ಟು ಸಾಧಿತವಾಯಿತು ಎನ್ನುತ್ತಾರೆ ಎಂಬುದನ್ನು ತೆರೆದು ನೋಡಿ.